ಪಡುಬದಿಯ ಮಡಲು, ಕಾರಿನ ಪಿಪಿಎಫ್

ಹೊಸ ಕಾರು ತಗೊಂಡವರನ್ನು "ಮೈಲೇಜ್ ಎಷ್ಟು ಕೊಡ್ತದೆ?" ಅಂತ ಕೇಳುವ ಕಾಲ ಹೋಯ್ತು. ಈಗಿನ ಪ್ರಶ್ನೆ, "ಪಿಪಿಎಫ್ ಹಾಕಿಸಿದ್ರಾ?" ನಮ್ಮ ಅಪ್ಪಂದಿರಿಗೆ ಗೊತ್ತಿದ್ದ ಪಿಪಿಎಫ್ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಹದಿನೈದು ವರ್ಷ ಕಟ್ಟುವ ಪಬ್ಲಿಕ್ ಪ್ರಾವಿಡೆಂಟ್ ಫಂಡ್. 1968ರಲ್ಲಿ ಶುರುವಾದದ್ದು. ನಮ್ಮ ತಲೆಮಾರಿನ ಪಿಪಿಎಫ್ ಅಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಕಾರಿನ ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಹಾಳೆ. ತಮಾಷೆ ಅಂದರೆ ಎರಡೂ ಒಂದೇ ದಶಕದ ಕೂಸುಗಳು. ಒಂದರಲ್ಲಿ ಹಣ ಬೆಳೆಯುತ್ತದೆ, ಇನ್ನೊಂದು ಹಣ ತಿನ್ನುತ್ತದೆ. ಇಡೀ ಕಾರಿಗೆ ಒಳ್ಳೆಯ ಫಿಲ್ಮ್ ಹಾಕಿಸಲು ಹೋದರೆ ಲಕ್ಷದ ಆಸುಪಾಸಿನ ಮಾತು ಬರುತ್ತದೆ.

ನನಗೂ ಈ ವರ್ಷ ಆ ಲೆಕ್ಕ ಮಾಡುವ ಪ್ರಸಂಗ ಬಂತು. ಕಾರು ಇರುವುದು ಕಟಪಾಡಿಯ ಮನೆಯಲ್ಲಿ, ಅಪ್ಪ ಅಮ್ಮನ ಬಳಕೆಗೆ. ನನ್ನ ಕೈಯಲ್ಲಿ ಇದ್ದದ್ದು ಒಂದೇ ಬಜೆಟ್: ಫಿಲ್ಮ್ ಹಾಕಿಸಬೇಕು, ಇಲ್ಲವೇ ಅಂಗಳದಲ್ಲಿ ಕಾರಿಗೊಂದು ಮಾಡು ಕಟ್ಟಿಸಬೇಕು. ಯಾವುದು ಅಂತ ತೀರ್ಮಾನಿಸುವ ಮೊದಲು ಈ ಹಾಳೆ ಎಲ್ಲಿಂದ ಬಂತು ಅಂತ ನೋಡುವ ಅನ್ನಿಸಿತು. ಒಂದು ವಸ್ತು ಯಾವ ಕಷ್ಟಕ್ಕೆ ಹುಟ್ಟಿತು ಅಂತ ಗೊತ್ತಾದರೆ, ಅದು ನಮ್ಮ ಕಷ್ಟಕ್ಕೆ ಆಗ್ತದಾ ಇಲ್ಲವಾ ಅಂತ ಹೇಳುವುದು ಸುಲಭ.

ಇದು ಹುಟ್ಟಿದ್ದು ಯುದ್ಧದಲ್ಲಿ. 1960ರ ದಶಕದ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಹೆಲಿಕಾಪ್ಟರ್‌ಗಳು ಇಳಿಯುವಾಗ, ಏಳುವಾಗ ಮರಳು ಮಣ್ಣು ಎದ್ದು ರೆಕ್ಕೆಯ ಅಂಚನ್ನು ತಿಂದುಹಾಕುತ್ತಿತ್ತು. ತ್ರೀಎಂ ಕಂಪನಿ ಅದಕ್ಕೊಂದು ಪಾಲಿಯುರೆಥೇನ್ ಟೇಪ್ ಮಾಡಿಕೊಟ್ಟಿತು. ಲೋಹಕ್ಕಿಂತ ಮೆತ್ತಗಿನ ವಸ್ತು. ಕಲ್ಲು ಬಡಿದಾಗ ಒಳಕ್ಕೆ ತಗ್ಗಿ, ಹೊಡೆತ ನುಂಗಿ, ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಸವೆದರೆ ಕಿತ್ತು ಹೊಸತು ಅಂಟಿಸಿದರಾಯ್ತು. ಆಮೇಲೆ ಅದೇ ಹಾಳೆ ರೇಸ್ ಕಾರುಗಳ ಮೂತಿಗೆ ಬಂತು, ಅಲ್ಲಿಂದ ದುಬಾರಿ ಕಾರುಗಳಿಗೆ, ಈಗ ನಮ್ಮ ನಿಮ್ಮ ಹ್ಯಾಚ್‌ಬ್ಯಾಕ್‌ಗಳಿಗೆ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದುಂಟು. ಆ ಟೇಪನ್ನು ಹೆಲಿಕಾಪ್ಟರಿನ ಮೈಗೆಲ್ಲ ಸುತ್ತಿರಲಿಲ್ಲ, ಏಟು ಬೀಳುವ ಅಂಚಿಗೆ ಮಾತ್ರ ಅಂಟಿಸಿದ್ದರು.

ಫಿಲ್ಮ್ ಕಾಯಬೇಕಾದ ಬಣ್ಣದ್ದೂ ಒಂದು ಚರಿತ್ರೆ. ಮೊದಲ ಕಾರುಗಳಿಗೆ ಕುದುರೆಗಾಡಿಯ ಹಾಗೆ ವಾರ್ನಿಷ್ ಬಳಿಯುತ್ತಿದ್ದರು. ಪದರ ಪದರವಾಗಿ ಒಣಗಲು ವಾರಗಟ್ಟಲೆ ಹಿಡಿಯುತ್ತಿತ್ತು. 1923ರಲ್ಲಿ ಜನರಲ್ ಮೋಟರ್ಸ್ ತನ್ನ ಓಕ್‌ಲ್ಯಾಂಡ್ ಕಾರಿಗೆ ಡುಪಾಂಟ್ ಕಂಪನಿಯ 'ಡ್ಯೂಕೊ' ಬಣ್ಣ ಹಾಕಿದ ಮೇಲೆ ಒಣಗುವ ಕೆಲಸ ಗಂಟೆಗಳಿಗೆ ಇಳಿಯಿತು. ನಮ್ಮ ಬಡಗಿಗಳು ಇವತ್ತಿಗೂ ಕಪಾಟಿಗೆ "ಡ್ಯೂಕೊ ಹೊಡೆಸುವ" ಅನ್ನುವುದು ಅದೇ ಹೆಸರು. 1960ರ ದಶಕದಲ್ಲಿ ಫೋರ್ಡ್ ಕಂಪನಿ ಕಾರಿನ ಚಿಪ್ಪನ್ನೇ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟು ಹಾಯಿಸುವ ಕ್ರಮ ತಂತು. ತುಕ್ಕು ತಡೆಯುವ ಪದರ ಸಂದಿಗೊಂದಿಗೂ ಹೋಗಿ ಕೂತಿತು. ಅಂಬಾಸಿಡರ್ ಕಾಲದ ಸಾದಾ ಬಣ್ಣದ ಕಾರುಗಳಲ್ಲಿ ಬಣ್ಣವೇ ಕೊನೆಯ ಪದರ, ಪಾಲಿಶ್ ಉಜ್ಜಿದರೆ ಬಟ್ಟೆಗೇ ಬಣ್ಣ ಹತ್ತುತ್ತಿತ್ತು. ಆಮೇಲೆ ಬಣ್ಣವನ್ನು ಕಾಯಲು ಅದರ ಮೇಲೊಂದು ಪಾರದರ್ಶಕ ಕ್ಲಿಯರ್ ಕೋಟ್ ಬಂತು, 1980ರ ದಶಕದಲ್ಲಿ ಜಗತ್ತಿನ ಕಾರ್ಖಾನೆಗಳಲ್ಲಿ ಅದು ಸಾಮಾನ್ಯವಾಯಿತು.

ಅಂದರೆ ಶೋರೂಮಿನಿಂದ ಬರುವಾಗಲೇ ನಿಮ್ಮ ಕಾರು ನಾಲ್ಕು ಅಂಗಿ ತೊಟ್ಟಿರುತ್ತದೆ: ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್. ಎಲ್ಲ ಸೇರಿದರೂ ಸುಮಾರು 100ರಿಂದ 150 ಮೈಕ್ರಾನ್. ಪಿಪಿಎಫ್ ಒಂದೇ 150ರಿಂದ 200 ಮೈಕ್ರಾನ್ ದಪ್ಪ. ಮಗುವಿಗಿಂತ ಸ್ವೆಟರ್ ದೊಡ್ಡದಾದ ಹಾಗೆ! ಅದರ ಮೇಲೆ ಸೆರಾಮಿಕ್ ಕೋಟಿಂಗ್, ಅದರ ಮೇಲೆ ಕಾರ್ ಕವರ್. ಕಾಯುವ ಪದರವನ್ನು ಕಾಯಲು ಇನ್ನೊಂದು ಪದರ. ಎಲ್ಲಿ ನಿಲ್ಲಿಸುವುದು ಮಾರಾಯ್ರೆ?

ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಊರಿನ ಹಳೆಯ ಮಣ್ಣಿನ ಮನೆಗಳಲ್ಲಿ. ಉಡುಪಿ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅದೂ ಕಡಲ ಕಡೆಯಿಂದ ಗಾಳಿಯೊಟ್ಟಿಗೆ ಓರೆಯಾಗಿ ಹೊಡೆಯುವ ಮಳೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ. ಮುಳಿಹುಲ್ಲು, ಸೋಗೆಯ ಮಾಡುಗಳು ಒಂದೊಂದಾಗಿ ಹಂಚಿಗೆ ತಿರುಗಿದವು. ತಲೆಯ ಮೇಲಿನ ಮಳೆಗೆ ಪರಿಹಾರ ಸಿಕ್ಕಿತು, ಪಕ್ಕದಿಂದ ಹೊಡೆಯುವ ಮಳೆಗೆ ಸಿಗಲಿಲ್ಲ. ಅದಕ್ಕೆ ಮಳೆಗಾಲಕ್ಕೆ ಮೊದಲು ತೆಂಗಿನ ಮಡಲು ಹೆಣೆದು ಗೋಡೆಗೆ ತಟ್ಟಿ ಕಟ್ಟುತ್ತಿದ್ದರು. ಕಟ್ಟುತ್ತಿದ್ದದ್ದು ಮಳೆ ಹೊಡೆಯುವ ಬದಿಗೆ, ಅಂದರೆ ಹೆಚ್ಚಾಗಿ ಪಡುಬದಿಗೆ. ನಾಲ್ಕೂ ಸುತ್ತ ಕಟ್ಟಿದರೆ ಮನೆಯೊಳಗೆ ಗಾಳಿ ಬೆಳಕು ಎಂತ ಉಳಿಯುವುದು? ಮಳೆಗಾಲ ಮುಗಿದಾಗ ಅರ್ಧ ಕೊಳೆತ ಮಡಲು ಬಚ್ಚಲೊಲೆಗೆ. ಮಡಲು ಸತ್ತು ಗೋಡೆ ಉಳಿಯಿತು. ಈಗ ಅದರ ಜಾಗದಲ್ಲಿ ನೀಲಿ ಟಾರ್ಪಾಲ್ ಬಂದಿದೆ, ಲೆಕ್ಕಾಚಾರ ಮಾತ್ರ ಅದೇ.

ಈ ಲೆಕ್ಕ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಕಡಲಿನದ್ದೇ ಎರಡು ಕಥೆ ಉಂಟು. 1761ರಲ್ಲಿ ಬ್ರಿಟಿಷ್ ನೌಕಾಪಡೆ 'ಅಲಾರ್ಮ್' ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಸಿತು, ಮರ ಕೊರೆಯುವ ಹುಳದಿಂದ ಕಾಯಲು. ಮರ ಚೆನ್ನಾಗಿಯೇ ಉಳಿಯಿತು. ಎರಡು ವರ್ಷ ಬಿಟ್ಟು ತಗಡು ಎಬ್ಬಿಸಿ ನೋಡಿದರೆ ಅದಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ಉಪ್ಪುನೀರಿನಲ್ಲಿ ತಾಮ್ರವೂ ಕಬ್ಬಿಣವೂ ಒಟ್ಟಿಗಿದ್ದರೆ ಕಬ್ಬಿಣ ಸವೆಯುತ್ತದೆ. ತಗಡು ಕಟ್ಟಿ ಬಂದಿದ್ದ ಕಂದು ಕಾಗದ ಎಲ್ಲೆಲ್ಲಿ ನಡುವೆ ಉಳಿದಿತ್ತೋ ಅಲ್ಲಿನ ಮೊಳೆಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಹೊರಗಿನಿಂದ ನೋಡಿದವರಿಗೆ ಒಳಗಿನ ಸವಕಳಿ ಕಾಣುತ್ತಲೇ ಇರಲಿಲ್ಲ.

ಎರಡನೆಯದು 1824ರದ್ದು. ಈ ಸಲ ತಾಮ್ರವೇ ಸವೆಯುತ್ತಿದೆ ಅಂತ ವಿಜ್ಞಾನಿ ಹಂಫ್ರಿ ಡೇವಿ ಅದಕ್ಕೆ ಕಬ್ಬಿಣದ, ಸತುವಿನ ತುಂಡು ಜೋಡಿಸಿದ. ಆ ತುಂಡು ತಾನು ಸವೆದು ತಾಮ್ರವನ್ನು ಕಾಯಿತು. ಇವತ್ತಿಗೂ ಸ್ಟೀಲ್ ಹಡಗುಗಳ ತಳಕ್ಕೆ ಸತುವಿನ ಗಟ್ಟಿ ಜೋಡಿಸುವುದು ಇದೇ ತತ್ವದ ಮೇಲೆ. ಪ್ರಯೋಗ ಗೆದ್ದಿತು, ಹಡಗು ಸೋತಿತು. ಸ್ವಲ್ಪ ಸ್ವಲ್ಪ ಕರಗುತ್ತಿದ್ದ ತಾಮ್ರವೇ ಚಿಪ್ಪುಹುಳ, ಪಾಚಿಯನ್ನು ದೂರ ಇಡುತ್ತಿತ್ತು. ಕರಗುವುದು ನಿಂತ ಮೇಲೆ ಅವು ಬಂದು ಮುತ್ತಿದವು, ಹಡಗಿನ ವೇಗ ಬಿತ್ತು. ನೌಕಾಪಡೆ ಆ ಉಪಾಯ ಕೈಬಿಟ್ಟಿತು. ಸವೆಯಲಿ ಅಂತಲೇ ಇಟ್ಟ ಪದರವನ್ನು ಸವೆಯದ ಹಾಗೆ ಮಾಡಿದ್ದರ ಫಲ ಇದು.

ಈಗ ಕಟಪಾಡಿಗೆ ಬರುವ. ಪಡುವಣಕ್ಕೆ ಮಟ್ಟು ಕಡಲತೀರ, ಪೇಟೆಯ ನಡುವೆಯೇ ರಾಷ್ಟ್ರೀಯ ಹೆದ್ದಾರಿ 66. ಹೆದ್ದಾರಿಯಲ್ಲಿ ಲಾರಿ ಚಕ್ರದಿಂದ ಹಾರುವ ಜಲ್ಲಿ ಬಡಿಯುವುದು ಬಂಪರ್, ಬಾನೆಟ್ಟಿನ ಮುಂಭಾಗ, ಕನ್ನಡಿಯ ಬೆನ್ನು, ಚಕ್ರದ ಹಿಂದಿನ ಪಟ್ಟಿಗೆ. ಈ ಏಟಿಗೆ ಫಿಲ್ಮ್‌ನಷ್ಟು ಒಳ್ಳೆಯ ಮದ್ದು ಬೇರೆ ಇಲ್ಲ. ಕೆಲವೇ ಮೈಕ್ರಾನಿನ ಸೆರಾಮಿಕ್ ಕೋಟಿಂಗ್ ನೀರು ಜಾರಿಸುತ್ತದೆ, ಹೊಳಪು ಕೊಡುತ್ತದೆ, ಕಲ್ಲಿನ ಏಟು ತಡೆಯುವುದಿಲ್ಲ. ಹಕ್ಕಿ ಹಿಕ್ಕೆ, ಮರದ ಸೊನೆಯಿಂದ ಆಗುವ ಕಲೆಗೂ ಫಿಲ್ಮ್ ಅಡ್ಡ ನಿಲ್ಲುತ್ತದೆ.

ಆದರೆ ಕರಾವಳಿಯಲ್ಲಿ ಕಾರನ್ನು ಕೊಲ್ಲುವುದು ತುಕ್ಕು. ಅದು ಶುರುವಾಗುವುದು ಕೆಳಗಿನಿಂದ: ತಳದ ಬೆಸುಗೆ, ಬಾಗಿಲಿನ ಅಡಿ, ಚಕ್ರದ ಗೂಡಿನಲ್ಲಿ ಕೂತ ಕೆಸರು, ಮುಚ್ಚಿಹೋದ ನೀರಿನ ತೂತು. ಉಪ್ಪುಗಾಳಿಗೂ ತೇವಕ್ಕೂ ಅಲ್ಲಿ ದಾರಿ ಉಂಟು, ಪಿಪಿಎಫ್‌ಗೆ ಇಲ್ಲ. ಕಣ್ಣಿಗೆ ಕಾಣುವ ಮೈಗೆಲ್ಲ ಲಕ್ಷ ಸುರಿದು ತಳ ಮರೆತರೆ 'ಅಲಾರ್ಮ್' ಹಡಗಿನ ಕಥೆಯೇ. ಇನ್ನು ಹತ್ತು ವರ್ಷ ಓಡಿಸುವ ಕಾರಿನ ಬೆನ್ನಿಗೆ, ಮಾಡಿಗೆ, ಡಿಕ್ಕಿಗೆ ಫಿಲ್ಮ್ ಅಂಟಿಸುವುದು ಮಳೆ ಬೀಳದ ಮೂಡುಬದಿಗೂ ಮಡಲು ಕಟ್ಟಿದ ಹಾಗೆ. ಅಲ್ಲಿಯ ಸಣ್ಣ ಗೀರುಗಳನ್ನು ಸಹಿಸಲಿ ಅಂತಲೇ ಕ್ಲಿಯರ್ ಕೋಟ್ ಇರುವುದು.

ಹಾಗಾಗಿ ನನ್ನ ತೀರ್ಮಾನ ಹೀಗಾಯ್ತು. ಬಂಪರ್, ಬಾನೆಟ್, ಕನ್ನಡಿ, ಬಾಗಿಲಿನ ಹಿಡಿಯ ಗುಳಿ, ಚಕ್ರದ ಹಿಂದಿನ ಪಟ್ಟಿ, ಇಷ್ಟಕ್ಕೆ ಫಿಲ್ಮ್. ಉಳಿದ ಹಣದಲ್ಲಿ ಅಂಗಳದಲ್ಲಿ ಮಾಡು, ಮಳೆಗಾಲದ ಮೊದಲು ತಳಕ್ಕೆ ತುಕ್ಕು ನಿರೋಧಕ, ಮಳೆಗಾಲದಲ್ಲಿ ಆಗಾಗ ಸಿಹಿನೀರಿನಿಂದ ತಳ ತೊಳೆಸುವುದು. ಮಾಡಿನ ಕೆಳಗೆ ಕಾರು ಇದ್ದರೆ ಅಮ್ಮ ನೆನೆಯದೆ ಹತ್ತಿ ಇಳಿಯಬಹುದು ಅನ್ನುವುದು ಯಾವ ಬ್ರೋಷರಿನಲ್ಲೂ ಇಲ್ಲದ ಲಾಭ.

ನೀವು ಹಾಕಿಸುವುದಾದರೆ ಮೂರು ಮಾತು ಕೇಳಿ ನೋಡಿ. ಹಾಳೆ ಟಿಪಿಯುವೋ ಪಿವಿಸಿಯೋ? ಪಿವಿಸಿ ಅಗ್ಗ, ಆದರೆ ಬೇಗ ಹಳದಿಯಾಗುತ್ತದೆ. ಬ್ಲೇಡಿನಿಂದ ಕಾರಿನ ಮೇಲೆಯೇ ಕತ್ತರಿಸ್ತಾರಾ, ಮೊದಲೇ ಅಳತೆಗೆ ಕತ್ತರಿಸಿ ತರ್ತಾರಾ? ಮುಂದೆ ಕಿತ್ತು ಬದಲಿಸುವಾಗ ಖರ್ಚು ಯಾರದ್ದು? ಮತ್ತೆ ಬಣ್ಣ ಹೊಡೆಸಿದ ಭಾಗವಾದರೆ ಕೀಳುವಾಗ ಬಣ್ಣವೂ ಎದ್ದು ಬರಬಹುದು, ಅದನ್ನು ಮೊದಲೇ ಹೇಳಿ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕಂಬಗಳ ನಡುವೆ ಕಾರು ತೂರಿಸುವವರ ಪಡುಬದಿ ಬೇರೆ: ಬಂಪರಿನ ಮೂಲೆ, ಬಾಗಿಲಿನ ಅಂಚು. ಹೆದ್ದಾರಿ ಕಾಣದ ಕಾರಿಗೆ ಬಾನೆಟ್ಟಿನ ಫಿಲ್ಮ್ ಬೇಕೇ ಬೇಕು ಅಂತ ಇಲ್ಲ. ಶೋರೂಮಿನವರು ಬೆಳ್ಳಿ, ಚಿನ್ನ, ಪ್ಲಾಟಿನಂ ಅಂತ ಪ್ಯಾಕೇಜು ಹರಡಿದಾಗ ಕಾರಿನ ಸುತ್ತ ಒಂದು ಸುತ್ತು ಬನ್ನಿ, ಮಳೆ ಹೊಡೆಯುವ ಬದಿ ಯಾವುದು ಅಂತ ನೋಡಿ, ಅಷ್ಟಕ್ಕೆ ಮಾತ್ರ ಹಣ ಕೊಡಿ.