ಸ್ಪ್ಯಾನಿಷ್‌ನ ‘ಅಸೂಕರ್’ ಹುಟ್ಟಿದ್ದು ಕನ್ನಡದ ‘ಸಕ್ಕರೆ’ಯಿಂದಲೇ?

ಸ್ಪ್ಯಾನಿಷ್‌ನಲ್ಲಿ ಸಕ್ಕರೆಗೆ ‘ಅಸೂಕರ್’ ಎನ್ನುತ್ತಾರೆ. ಕೇಳಿದೊಡನೆ ‘ಇದು ನಮ್ಮ ಕನ್ನಡದ ಪದ’ ಎಂದು ಫಾರ್ವರ್ಡ್ ಮಾಡುವ ಆಸೆಯಾಗುವುದು ಸಹಜ. ಆದರೆ ನಾವು ಪದದ ಜಾಡು ಹಿಡಿದು ಹೋದರೆ ಸಿಗುವ ನಂಟು ಬೇರೆ: ಅಸೂಕರ್ ಸಕ್ಕರೆಯ ಮಗಳಲ್ಲ, ದಾಯಾದಿ.

ಎರಡಕ್ಕೂ ಮೂಲ ಸಂಸ್ಕೃತದ ‘ಶರ್ಕರಾ’. ಅದಕ್ಕೆ ಮರಳು, ಹರಳು ಎಂಬ ಅರ್ಥವೂ ಇತ್ತು (ಕಲ್ಲುಸಕ್ಕರೆ ನೆನಪಿಸಿಕೊಳ್ಳಿ). ಪ್ರಾಕೃತದ ಮೂಲಕ ಅದು ಕನ್ನಡಕ್ಕೆ ಬಂತು. ಇನ್ನೊಂದು ಕವಲು ಪರ್ಷಿಯನ್‌ನಲ್ಲಿ ‘ಶಕರ್’, ಅರಬ್ಬಿಯಲ್ಲಿ ‘ಸುಕ್ಕರ್’ ಆಯಿತು. 711ರ ನಂತರ ಸ್ಪೇನ್‌ನಲ್ಲಿ ಅರಬ್ಬರ ಆಳ್ವಿಕೆ ಬಂದಾಗ ಕಬ್ಬಿನ ಜೊತೆ ಪದವೂ ಅಲ್ಲಿ ಬೇರೂರಿತು.

ಹಾಗಾದರೆ ಮುಂದಿನ ‘ಅ’ ಎಲ್ಲಿಯದು? ಅರಬ್ಬಿಯ ‘ಅಲ್’, ಇಂಗ್ಲಿಷಿನ ‘ದ’ ಇದ್ದಂತೆ. ‘ಸ’ಕಾರದ ಹಿಂದೆ ಬಂದಾಗ ‘ಅಸ್ಸುಕ್ಕರ್’ ಎಂದಾಗುತ್ತದೆ. ಹತ್ತಿಗೆ ಸ್ಪ್ಯಾನಿಷರು ಹೇಳುವ ‘ಅಲ್ಗೊಡೋನ್’ನಲ್ಲೂ ಇದೇ ‘ಅಲ್’ ಅಂಟಿಕೊಂಡಿದೆ. ಇಟಲಿ, ಫ್ರಾನ್ಸ್ ದಾರಿ ಹಿಡಿದ ‘ಶುಗರ್’ಗೆ ಮಾತ್ರ ಈ ಬಾಲ ಇಲ್ಲ.