ಉಂಡು ಮಲಗಿದ ಮೇಲೂ ಮುಗಿಯದ ಜಗಳ

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಗಾದೆ. ಅದರೊಳಗೆ ಒಂದು ಸಮಾಜಶಾಸ್ತ್ರವೇ ಅಡಗಿದೆ. ಜಗಳ ಸಣ್ಣದು, ತಾನಾಗಿ ಆರುವಂಥದು, ಹೊರಗಿನವರು ತಲೆಹಾಕಬಾರದು. ವಿದ್ವಾಂಸರೂ ಬಹುಕಾಲ ಈ ಗಾದೆಯನ್ನೇ ಪಾಲಿಸಿದರೆಂದರೆ ಆಶ್ಚರ್ಯವಾಗಬಹುದು. ಆತ್ಮಹತ್ಯೆ, ಅಪರಾಧ, ಕಾರ್ಖಾನೆ, ಧರ್ಮ ಎಲ್ಲವನ್ನೂ ಅಳೆದು ತೂಗಿದ ಸಮಾಜಶಾಸ್ತ್ರ ಮನೆಯ ಹೊಸ್ತಿಲ ಬಳಿ ಬಂದಾಗ ಮಾತ್ರ ಹೊರಗೇ ನಿಂತಿತು. ಕುಟುಂಬ ಜೀವನದ ಅಧ್ಯಯನಕ್ಕೆಂದೇ 1939ರಲ್ಲಿ ಅಮೆರಿಕದಲ್ಲಿ ಆರಂಭವಾದ ಪ್ರಮುಖ ವಿದ್ವತ್ ಪತ್ರಿಕೆಯಲ್ಲಿ 1969ರವರೆಗೆ ಶೀರ್ಷಿಕೆಯಲ್ಲಿ ‘ಹಿಂಸೆ’ ಎಂಬ ಪದವಿದ್ದ ಒಂದೇ ಒಂದು ಲೇಖನವೂ ಬರಲಿಲ್ಲ.

ಹಾಗೆಂದು ಯಾರೂ ಮಾತನಾಡಿರಲಿಲ್ಲವೆಂದಲ್ಲ. 1878ರಲ್ಲಿಯೇ ಫ್ರಾನ್ಸಿಸ್ ಪವರ್ ಕಾಬ್ ಎಂಬ ಲೇಖಕಿ ಇಂಗ್ಲೆಂಡಿನಲ್ಲಿ ನಡೆಯುತ್ತಿದ್ದ ಪತ್ನೀಹಿಂಸೆಯ ಬಗ್ಗೆ ದೀರ್ಘ ಲೇಖನ ಬರೆದರು. ಕುಡಿತ, ಬಡತನ, ಇಕ್ಕಟ್ಟಾದ ವಸತಿ ಇವೆಲ್ಲ ಅವರ ಕಾರಣಗಳ ಪಟ್ಟಿಯಲ್ಲಿವೆ. ಆದರೆ ಬೇರು ಬೇರೆಡೆ ಇದೆಯೆಂದು ಅವರು ಗುರುತಿಸಿದ್ದರು. ಹೆಂಡತಿ ಗಂಡನ ಸೊತ್ತು ಎಂಬ ಭಾವನೆಯೇ ಆ ಬೇರು. ಅದೇ ವರ್ಷ ಬಂದ ಕಾಯಿದೆಯೊಂದು, ಹೆಂಡತಿಯ ಮೇಲಿನ ಘೋರ ಹಲ್ಲೆಗಾಗಿ ಗಂಡನಿಗೆ ಶಿಕ್ಷೆಯಾದಲ್ಲಿ ಆಕೆಗೆ ಪ್ರತ್ಯೇಕ ವಾಸ ಮತ್ತು ಜೀವನಾಂಶ ಕೊಡಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ನೀಡಿತು.

ಆದರೆ ಇಪ್ಪತ್ತನೆಯ ಶತಮಾನ ಕಾಬ್ ಹೇಳಿದ್ದನ್ನು ಮರೆತು ಮನೋವೈದ್ಯರ ಕಡೆ ತಿರುಗಿತು. ಇದರ ಫಲ ಎಂಥದ್ದೆಂಬುದಕ್ಕೆ 1964ರಲ್ಲಿ ಅಮೆರಿಕದ ಮೂವರು ತಜ್ಞರು ಪ್ರಕಟಿಸಿದ ಲೇಖನವೊಂದು ಸಾಕು. ಮ್ಯಾಸಚೂಸೆಟ್ಸ್‌ನಲ್ಲಿ ಹೆಂಡತಿಯನ್ನು ಹೊಡೆದ ಆರೋಪ ಹೊತ್ತ ಗಂಡಸರನ್ನು ಅವರು ಪರೀಕ್ಷಿಸಲು ಹೊರಟರು. ಗಂಡಸರು ಬಾಯಿ ಬಿಡಲಿಲ್ಲ. ತಮ್ಮ ಸಂಸಾರದಲ್ಲಿ ತೊಂದರೆಯೇ ಇಲ್ಲವೆಂದರು. ಮಾತನಾಡಲು ಸಿದ್ಧರಿದ್ದವರು ಹೆಂಡತಿಯರು. ಆದ್ದರಿಂದ ಅಧ್ಯಯನ ಅವರದೇ ಆಯಿತು, ತೀರ್ಪೂ ಅವರ ಮೇಲೆಯೇ ಬಂತು. ಇವರು ಗಂಡನನ್ನು ಆಳಲು ಬಯಸುವ ಸ್ವಭಾವದವರು, ಹೊಡೆತ ಇವರದೇ ಒಳಗಿನ ಯಾವುದೋ ಅಗತ್ಯವನ್ನು ಪೂರೈಸುತ್ತದೆ ಎಂದು ತಜ್ಞರು ಬರೆದರು. ದೂರು ಕೊಟ್ಟವಳೇ ರೋಗಿಯಾದಳು. ನಮ್ಮ ಪಂಚಾಯಿತಿ ಕಟ್ಟೆಗಳಲ್ಲಿ ‘ನೀನೇನು ಮಾಡಿದೆ, ಅವನು ಸುಮ್ಮನೆ ಹೊಡೆದನೇ?’ ಎಂದು ಕೇಳುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವೇನೂ ಇಲ್ಲ. ಅಲ್ಲಿ ಪರಿಭಾಷೆ ಮಾತ್ರ ದುಬಾರಿ.

ದಿಕ್ಕು ಬದಲಾದದ್ದು 1971ರಲ್ಲಿ. ವಿಲಿಯಂ ಗುಡ್ ಎಂಬ ಸಮಾಜಶಾಸ್ತ್ರಜ್ಞರು, ಉಳಿದೆಲ್ಲ ಸಂಸ್ಥೆಗಳಂತೆ ಕುಟುಂಬವೂ ಒಂದಿಷ್ಟು ಬಲಪ್ರಯೋಗದ ಮೇಲೆಯೇ ನಿಂತಿದೆ ಎಂದರು. ಹಣ, ಸ್ಥಾನಮಾನ, ಗೌರವಗಳಿಂದ ಮಾತು ನಡೆಸಿಕೊಳ್ಳಬಲ್ಲವನಿಗೆ ಕೈ ಎತ್ತುವ ಅಗತ್ಯ ಕಡಿಮೆ. ಬೇರೇನೂ ಇಲ್ಲದವನಿಗೆ ಉಳಿಯುವುದು ತೋಳು. ಅದೇ ವರ್ಷ ಲಂಡನ್ನಿನ ಚಿಸ್ವಿಕ್‌ನಲ್ಲಿ ಎರಿನ್ ಪಿಜ್ಜಿ ಹೊಡೆತ ತಿಂದ ಹೆಂಗಸರಿಗಾಗಿ ಆಶ್ರಯಧಾಮ ತೆರೆದರು. ವಿದ್ವಾಂಸರು ಊಹಿಸುತ್ತಿದ್ದುದು ಅಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಾಗಿಲಲ್ಲಿ ಬಂದು ನಿಂತಿತು.

ಇಲ್ಲಿಂದ ಮುಂದೆ ನಡೆದದ್ದು ಎಣಿಕೆಯ ಜಗಳ. 1975ರಲ್ಲಿ ಮರ್ರೆ ಸ್ಟ್ರಾಸ್ ಮತ್ತು ಅವರ ಸಂಗಡಿಗರು ಅಮೆರಿಕದ 2,143 ಕುಟುಂಬಗಳ ಸಮೀಕ್ಷೆ ನಡೆಸಿದರು. ಒಂದೇ ವರ್ಷದಲ್ಲಿ ಶೇ. 16ರಷ್ಟು ದಂಪತಿಗಳ ನಡುವೆ ಹೊಡೆದಾಟ ನಡೆದಿತ್ತು. ಅದು ರೋಗಿಷ್ಠ ಮನಸ್ಸಿನ ಕೆಲವರ ಕೃತ್ಯವಲ್ಲ, ಮಾಮೂಲಿ ಸಂಸಾರಗಳ ಮಾಮೂಲಿ ನಡೆ ಎಂಬುದು ಸಿದ್ಧವಾಯಿತು. ಆದರೆ ಅದೇ ಸಮೀಕ್ಷೆ ಹೆಂಡತಿಯರೂ ಹೆಚ್ಚುಕಡಿಮೆ ಗಂಡಂದಿರಷ್ಟೇ ಹೊಡೆಯುತ್ತಾರೆ ಎಂದು ಹೇಳಿದಾಗ ಗದ್ದಲವೆದ್ದಿತು. ರೆಬೆಕಾ ಡೊಬಾಶ್ ಮತ್ತು ರಸೆಲ್ ಡೊಬಾಶ್ ದಂಪತಿ ಸ್ಕಾಟ್ಲೆಂಡಿನ ಎಡಿನ್‌ಬರೋ ಮತ್ತು ಗ್ಲಾಸ್ಗೋ ನಗರಗಳ 1974ರ ಪೊಲೀಸ್ ದಾಖಲೆಗಳನ್ನು ತೆಗೆದು ನೋಡಿದ್ದರು. ದಾಖಲಾದ ಹಿಂಸಾಕೃತ್ಯಗಳಲ್ಲಿ ಸುಮಾರು ಕಾಲುಭಾಗ ಪತ್ನಿಯ ಮೇಲಿನ ಹಲ್ಲೆ. ಯಾರು ಎಷ್ಟು ಸಲ ಕೈಯೆತ್ತಿದರೆಂದು ಎಣಿಸಿದರೆ ಸಾಲದು. ಯಾರ ಮೂಳೆ ಮುರಿಯಿತು, ಯಾರು ಯಾರಿಗೆ ಹೆದರಿ ಬದುಕುತ್ತಿದ್ದಾರೆ ಎಂದು ಕೇಳಬೇಕು ಎಂಬುದು ಅವರ ವಾದ. ಹಿಂಸೆ ಕೋಪ ಮೀರಿದ್ದರ ಫಲವಲ್ಲ, ಹಿಡಿತ ಉಳಿಸಿಕೊಳ್ಳುವ ಉಪಾಯ ಎಂದು ಅವರು 1979ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು.

ಈ ಜಗಳಕ್ಕೆ ಒಂದು ಮಟ್ಟದ ರಾಜಿ ಮಾಡಿಸಿದವರು ಮೈಕೆಲ್ ಜಾನ್ಸನ್. ಎರಡೂ ಪಕ್ಷದವರು ನೋಡುತ್ತಿರುವುದು ಎರಡು ಬೇರೆ ಸಂಗತಿಗಳನ್ನು ಎಂದರು ಅವರು, 1995ರಲ್ಲಿ. ಮಾತಿಗೆ ಮಾತು ಬೆಳೆದು ಕೈ ಮಿಲಾಯಿಸುವುದು ಒಂದು, ಅದು ಸಮೀಕ್ಷೆಗಳಲ್ಲಿ ಸಿಗುತ್ತದೆ. ಹೆಂಡತಿಯ ಹಣ, ಓಡಾಟ, ನೆಂಟಸ್ತನ, ಉಸಿರಾಟವನ್ನೂ ಕಾವಲು ಕಾಯುವ ದೀರ್ಘಕಾಲದ ಭಯೋತ್ಪಾದನೆ ಇನ್ನೊಂದು. ಅದು ಸಿಗುವುದು ಆಸ್ಪತ್ರೆ, ಠಾಣೆ, ಆಶ್ರಯಧಾಮಗಳಲ್ಲಿ. ಉಂಡು ಮಲಗುವ ತನಕದ ಗಾದೆ ಮೊದಲನೆಯದಕ್ಕೆ ಹೊಂದೀತು. ಎರಡನೆಯದಕ್ಕೆ ಅದನ್ನು ಹೇಳಿದರೆ ಕ್ರೌರ್ಯವಾಗುತ್ತದೆ.

ಈ ಚರ್ಚೆಯಲ್ಲಿ ಕರ್ನಾಟಕದ ಕುಂಬಾರರಿಗೂ ಒಂದು ಸ್ಥಾನವಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ವಿಜಯೇಂದ್ರ ರಾವ್ ಎಂಬ ಅರ್ಥಶಾಸ್ತ್ರಜ್ಞರು ನಮ್ಮ ಮೂರು ಹಳ್ಳಿಗಳ ಕುಂಬಾರ ಕುಟುಂಬಗಳಲ್ಲಿ ಕ್ಷೇತ್ರಕಾರ್ಯ ನಡೆಸಿ 1997ರಲ್ಲಿ ಪ್ರಬಂಧ ಪ್ರಕಟಿಸಿದರು. ಗಂಡನ ಕುಡಿತ, ಸಾಲದೆಂದು ತೋರಿದ ವರದಕ್ಷಿಣೆ ಇವು ಹೊಡೆತವನ್ನು ಹೆಚ್ಚಿಸುತ್ತಿದ್ದವು. ಗಂಡುಮಕ್ಕಳನ್ನು ಹೆತ್ತವಳಿಗೆ ಅಪಾಯ ಕಡಿಮೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಂಗಸರು ಹೆಚ್ಚು ಹೊಡೆತ ತಿನ್ನುತ್ತಿದ್ದರು. ಇನ್ನು ಬಸಿರಾಗುವ ಅಂಜಿಕೆಯಿಲ್ಲವಲ್ಲ ಎಂಬ ಗಂಡನ ಶಂಕೆ ಅದರ ಹಿಂದಿತ್ತು. ಊರಿನವರು ‘ಸಕಾರಣ’ವಾದ ಹೊಡೆತವನ್ನು ಒಪ್ಪುತ್ತಿದ್ದರು, ಮಿತಿ ಮೀರಿದಾಗ ಮಾತ್ರ ನಡುವೆ ಬರುತ್ತಿದ್ದರು. 2002ರಲ್ಲಿ ಫ್ರಾನ್ಸಿಸ್ ಬ್ಲಾಕ್ ಅವರೊಡನೆ ರಾವ್ ಬರೆದ ಇನ್ನೊಂದು ಪ್ರಬಂಧ ಗುಡ್ ಅವರ ಸಿದ್ಧಾಂತಕ್ಕೆ ಒಂದು ತಿರುವು ಕೊಟ್ಟಿತು. ಅನುಕೂಲಸ್ಥ ತವರಿನ ಹೆಣ್ಣಿಗೆ ರಕ್ಷಣೆ ಹೆಚ್ಚಿರಬೇಕೆಂದು ನಾವು ಎಣಿಸುತ್ತೇವೆ. ಆಕೆಗೇ ಹೊಡೆತ ಬೀಳುವ ಸಂಭವ ಹೆಚ್ಚಾಗಿತ್ತು, ಏಕೆಂದರೆ ಆಕೆಯ ಅಪ್ಪನಲ್ಲಿ ಹಿಂಡಲು ಇನ್ನೂ ಏನಾದರೂ ಉಳಿದಿತ್ತು. ಇಲ್ಲಿ ಕೋಪವೂ ಇಲ್ಲ, ಕುಡಿತವೂ ಇಲ್ಲ. ಲೆಕ್ಕಾಚಾರವಿದೆ.

ಹಾಗಾದರೆ ಹೆಣ್ಣನ್ನು ಕಾಯುವುದು ಯಾವುದು? ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್ವಾಲ್ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ನೇರವಾದ ಉತ್ತರ ಕೊಡುತ್ತದೆ. ಸ್ಥಿರಾಸ್ತಿಯೇ ಇಲ್ಲದ ವಿವಾಹಿತೆಯರಲ್ಲಿ ಶೇ. 49ರಷ್ಟು ಮಂದಿ ಗಂಡನ ಕೈಯಿಂದ ಏಟು ತಿಂದಿದ್ದರು. ತಮ್ಮ ಹೆಸರಿನಲ್ಲಿ ಮನೆ ಮತ್ತು ಜಮೀನು ಎರಡೂ ಇದ್ದವರಲ್ಲಿ ಶೇ. 7 ಮಾತ್ರ. ಅಪ್ಪನ ಆಸ್ತಿ ಅಪ್ಪನ ಬಳಿ ಇದ್ದರೆ ಅದು ಅಳಿಯನಿಗೆ ಆಮಿಷ. ಮಗಳ ಹೆಸರಿಗೆ ಬಂದರೆ ಆಕೆಗೆ ಹೊರನಡೆಯಲು ಒಂದು ಬಾಗಿಲು. ಕಾಬ್ ಹಿಡಿದ ಎಳೆ, ಸೊತ್ತು, ಮತ್ತೆ ಕೈಗೆ ಸಿಕ್ಕಂತಾಯಿತು.

ನಮ್ಮ ಕಾನೂನು ಈ ಹಾದಿಯನ್ನು ನಿಧಾನವಾಗಿ ಸವೆಸಿದೆ. 1983ರ 498ಎ ಕಲಂ ಗಂಡನ ಕ್ರೌರ್ಯವನ್ನು ಶಿಕ್ಷಾರ್ಹ ಅಪರಾಧವಾಗಿಸಿತು. 2005ರ ಕಾಯಿದೆ ದೈಹಿಕ ಹಿಂಸೆಯ ಜೊತೆಗೆ ಆರ್ಥಿಕ ಹಿಂಸೆಯನ್ನೂ ಹೆಸರಿಸಿ, ಮನೆ ಯಾರ ಹೆಸರಿನಲ್ಲೇ ಇರಲಿ, ಹೆಂಡತಿಗೆ ಅದರಲ್ಲಿ ವಾಸಿಸುವ ಹಕ್ಕು ನೀಡಿತು. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಕರ್ನಾಟಕದ ವಿವಾಹಿತೆಯರ ಪ್ರಮಾಣ 2015-16ರಲ್ಲಿ ಶೇ. 20.6 ಇದ್ದದ್ದು, ಅದರ ಮುಂದಿನ ಸುತ್ತಿನಲ್ಲಿ ಶೇ. 44.4ಕ್ಕೆ ಏರಿತು. ಹೊಡೆತ ಇಮ್ಮಡಿಯಾಯಿತೋ, ಹೇಳುವ ಧೈರ್ಯ ಇಮ್ಮಡಿಯಾಯಿತೋ, ಅಂಕಿಯೊಂದರಿಂದಲೇ ತಿಳಿಯುವುದಿಲ್ಲ. ಸ್ಟ್ರಾಸ್ ಮತ್ತು ಡೊಬಾಶ್ ದಂಪತಿಯ ಜಗಳ ಇನ್ನೂ ಮುಗಿದಿಲ್ಲವೆನ್ನಲು ಇದೊಂದು ನಿದರ್ಶನ.

ಆಸ್ತಿಯ ಮಾತಿಗೆ ಬಂದರೆ, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ನೀಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು, ದೇಶಕ್ಕೆ ಅದು ಬಂದದ್ದು 2005ರಲ್ಲಿ. ಆದರೆ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂಬ ಇನ್ನೊಂದು ಗಾದೆಯೂ ನಮ್ಮಲ್ಲಿದೆ. ಯಾವುದೇ ತಾಲ್ಲೂಕಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಒಂದು ಬೆಳಿಗ್ಗೆ ನಿಂತರೆ, ಅಣ್ಣ ತಮ್ಮಂದಿರೊಡನೆ ಬಂದು ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೋಗುವ ಅಕ್ಕ ತಂಗಿಯರು ಕಾಣಸಿಗುತ್ತಾರೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆ ಅವರದು. ಗಂಡ ಹೊಡೆದಾಗ ಬಂದು ತಟ್ಟಲು ಇರುವುದು ಅದೊಂದೇ ಬಾಗಿಲು.