ನಿಪ್ಪಾಣಿ ದೇಸಾಯಿ ತಡ ಮಾಡಿದ ಕಥೆ

ಆಫೀಸಿನಲ್ಲಿ ಹೊಸಬರು ಯಾರಾದರೂ ಊರು ಕೇಳಿದಾಗ "ಚಿಕ್ಕೋಡಿ" ಅಂದರೆ ಮುಂದಿನ ಪ್ರಶ್ನೆ ಗ್ಯಾರಂಟಿ. "ಅದು ಮಹಾರಾಷ್ಟ್ರದಲ್ಲಿ ಅಲ್ವಾ?" ಮೊದಮೊದಲು ಸಿಟ್ಟು ಬರುತ್ತಿತ್ತು, ಈಗ ನಗು ಬರುತ್ತೆ. ಚಿಕ್ಕೋಡಿ ಯಾರದು ಅನ್ನೋ ಪ್ರಶ್ನೆ ಇನ್ನೂರು ವರ್ಷ ಹಳೆಯದು. ಆಗ ಕೇಳುತ್ತಿದ್ದವರ ಕೈಯಲ್ಲಿ ಕತ್ತಿ ಇರುತ್ತಿತ್ತು, ಅಷ್ಟೇ :)

ಕಳೆದ ಸಲ ಊರಿಗೆ ಹೋದಾಗ ಕಾಕಾನ ಜೊತೆ ನಿಪ್ಪಾಣಿಗೆ ಹೋಗಿದ್ದೆ. ವಾಡೆಯ ಕಡೆ ಕೈ ಮಾಡಿ ಕಾಕಾ, "ಇದು ಅಪ್ಪಾ ದೇಸಾಯಿದು. ಇಂಗ್ರೇಜರ ಕೂಡ ಸೇರಿದ್ದಾಂವ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಪೇಶ್ವೆ ಕೂಡಾನೂ ಇದ್ದಾ ಅಂತಾರ" ಅಂತ ಸೇರಿಸಿದ. ಎರಡೂ ನಿಜ. ಆ ಎರಡರ ನಡುವೆ ಏನಾಯಿತು ಅನ್ನೋದೇ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅಪ್ಪಾ ದೇಸಾಯಿಯ ಪೂರ್ತಿ ಹೆಸರು ಸಿದ್ಧೋಜಿರಾವ್ ನಿಂಬಾಳ್ಕರ್. ಬಿರುದು ಸರಲಷ್ಕರ್. ಒಂದು ಕಡೆ ಕೊಲ್ಲಾಪುರದ ರಾಜ, ಇನ್ನೊಂದು ಕಡೆ ಪಟವರ್ಧನರು, ಮೇಲೆ ಪುಣೆಯ ಪೇಶ್ವೆ, ದಕ್ಷಿಣದಲ್ಲಿ ಟಿಪ್ಪುವನ್ನು ಮುಗಿಸಿ ಬಿಡುವಾಗಿದ್ದ ಇಂಗ್ರೇಜರು. ಇಷ್ಟು ಜನರ ನಡುವೆ ಒಬ್ಬ ದೇಸಾಯಿ. ಇಬ್ಬರು ಮ್ಯಾನೇಜರುಗಳಿಗೆ ರಿಪೋರ್ಟ್ ಮಾಡುವವರಿಗೆ ಇವನ ಕಷ್ಟ ಅರ್ಥವಾದೀತು... ಇವನಿಗೆ ಮೂವರಿದ್ದರು.

ಅದು ಎಂಥ ಕಾಲ ಅಂತೀರಿ? 1799ರಲ್ಲಿ ನಿಪ್ಪಾಣಿ ಪಕ್ಕದ ಪಟ್ಟಣಕುಡಿಯಲ್ಲಿ ಕೊಲ್ಲಾಪುರದವರೊಡನೆ ಕಾದಾಡಿ ಪರಶುರಾಮ ಭಾವು ಪಟವರ್ಧನ್ ಸತ್ತ. ಮರುವರ್ಷ ಜುಲೈನಲ್ಲಿ ಆರ್ಥರ್ ವೆಲ್ಲೆಸ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿ ಮುನವಳ್ಳಿಯವರೆಗೆ ಬಂದ, ಮಲಪ್ರಭೆಯ ದಂಡೆಯಲ್ಲಿದ್ದ ಅವನ ದಂಡನ್ನು ಚದುರಿಸಿದ. (ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನ ಎದುರು ಗೆದ್ದವನು ಇವನೇ. ನಮ್ಮ ಕಡೆಯ ಕರಿ ಮಣ್ಣಿನಲ್ಲಿ ಪ್ರಾಕ್ಟೀಸ್ ಮಾಡಿಕೊಂಡು ಹೋದವನು!) 1803ರಲ್ಲಿ ಅವನು ಬಾಜಿರಾಯನನ್ನು ಮತ್ತೆ ಪುಣೆಯ ಗಾದಿಗೆ ಕೂರಿಸಲು ಹೊರಟಾಗ ಅಪ್ಪಾ ದೇಸಾಯಿ ತನ್ನ ಕುದುರೆ ದಂಡಿನೊಂದಿಗೆ ಜೊತೆಗೂಡಿದ. ಆಗ ಪೇಶ್ವೆ, ಇಂಗ್ರೇಜರು ಒಂದೇ ಕಡೆ. ಯಾರನ್ನು ಆರಿಸಬೇಕು ಅನ್ನೋ ಸಮಸ್ಯೆಯೇ ಇರಲಿಲ್ಲ.

ದೇಸಾಯಿಗೆ ಬೇಕಾಗಿದ್ದದ್ದು ಚಿಕ್ಕೋಡಿ ಮತ್ತು ಮುನವಳ್ಳಿ ಪರಗಣಗಳು. ಕೊಲ್ಲಾಪುರ ಅವು ತನ್ನವು ಅನ್ನುತ್ತಿತ್ತು, ಪೇಶ್ವೆ ದೇಸಾಯಿಗೆ ಬರೆದುಕೊಟ್ಟ. ಸಾವಗಾವ್ ಬಳಿ ಕೊಲ್ಲಾಪುರದ ದಂಡು ದೇಸಾಯಿಯ ಎದುರು ಸೋತಿತು. ಕೊನೆಗೆ 1812ರ ಅಕ್ಟೋಬರ್ 1ರ ಕರಾರಿನಲ್ಲಿ ಕೊಲ್ಲಾಪುರ ಎರಡೂ ಪರಗಣಗಳ ಹಕ್ಕು ಬಿಟ್ಟಿತು, ಮಾಲವಣದ ಕೋಟೆಯನ್ನೂ ಇಂಗ್ರೇಜರಿಗೆ ಒಪ್ಪಿಸಿತು. ಬದಲಿಗೆ ಬೇರೆಯವರು ಮೈಮೇಲೆ ಬಿದ್ದರೆ ಕಾಯುತ್ತೇವೆ ಅನ್ನೋ ಭರವಸೆ ಸಿಕ್ಕಿತು. ನೋಡಿದರೆ ಕೊಲ್ಲಾಪುರ ಸೋತಂತೆ, ದೇಸಾಯಿ ಗೆದ್ದಂತೆ.

ಐದೇ ವರ್ಷ. 1817ರ ನವೆಂಬರ್‌ನಲ್ಲಿ ಖಡಕಿಯಲ್ಲಿ ಪೇಶ್ವೆ ಇಂಗ್ರೇಜರ ಮೇಲೆ ಬಿದ್ದ. ಈಗ ಆರಿಸಲೇಬೇಕು. ಕೊಲ್ಲಾಪುರ ತಡ ಮಾಡದೆ ಇಂಗ್ರೇಜರ ಕಡೆ ನಿಂತಿತು. ಅಪ್ಪಾ ದೇಸಾಯಿ ಪೇಶ್ವೆಯ ಜೊತೆ ಉಳಿದ. 1818ರ ಫೆಬ್ರವರಿ 11ರಂದು ಎಲ್ಫಿನ್‌ಸ್ಟನ್ ಸಾತಾರೆಯಲ್ಲಿ ಜಾಹೀರುನಾಮೆ ಹೊರಡಿಸಿದ: ಎರಡು ತಿಂಗಳೊಳಗೆ ಬಾಜಿರಾಯನನ್ನು ಬಿಟ್ಟು ಬನ್ನಿ ಅಂತ. ಒಂಬತ್ತು ದಿನದಲ್ಲಿ ಅಷ್ಟಿಯಲ್ಲಿ ಬಾಪು ಗೋಖಲೆ ಕಾದಾಡುತ್ತ ಸತ್ತ. ದೇಸಾಯಿ ಬಿಟ್ಟು ಬಂದ, ಆದರೆ ಬಹಳ ತಡವಾಗಿ. ನಿಪ್ಪಾಣಿ ಉಳಿಯಿತು. ಚಿಕ್ಕೋಡಿ, ಮುನವಳ್ಳಿ ಹೋದವು. ಹೋಗಿದ್ದು ಯಾರಿಗೆ? ಕೊಲ್ಲಾಪುರಕ್ಕೆ, ಬಹುಮಾನವಾಗಿ!

ದೇಸಾಯಿ ದ್ರೋಹಿಯೋ, ಸ್ವಾಮಿನಿಷ್ಠನೋ ಅಂತ ವಾದ ಮಾಡುವವರನ್ನು ನೋಡಿದ್ದೇನೆ. ನನಗೆ ಎರಡೂ ಅನ್ನಿಸುವುದಿಲ್ಲ. ಬಾಪು ಗೋಖಲೆಯ ಹಾಗೆ ಕೊನೇವರೆಗೂ ನಿಲ್ಲಲಿಲ್ಲ, ಕೊಲ್ಲಾಪುರದ ಹಾಗೆ ಮೊದಲೇ ದಾಟಲಿಲ್ಲ. ಅನ್ನ ಹಾಕಿದವನನ್ನು ಸೋಲುವ ಹೊತ್ತಿಗೆ ಬಿಡೋದು ಹೇಗೆ ಅಂತ ಹಿಂದೆಮುಂದೆ ನೋಡಿದ ಅಂತ ನನ್ನ ಊಹೆ. ಆ ಹಿಂಜರಿಕೆಗೆ ಎರಡು ಪರಗಣ ದಂಡ.

ಬೇಗ ದಾಟಿದವರಿಗೇನಾದರೂ ದಕ್ಕಿತಾ? ಕೊಲ್ಲಾಪುರದ ರಾಜ ನೆರೆಯವರ ಮೇಲೆ ಬೀಳುತ್ತಾನೆ ಅಂತ ಇಂಗ್ರೇಜರು ದಂಡು ಕಳಿಸಿದರು, 1827ರ ಕರಾರಿನಲ್ಲಿ ಚಿಕ್ಕೋಡಿ, ಮುನವಳ್ಳಿ ಎರಡನ್ನೂ ವಾಪಸ್ ಕಿತ್ತುಕೊಂಡರು. ಅನುಭವಿಸಿದ್ದು ಒಂಬತ್ತು ವರ್ಷ. ಕಿತ್ತೂರಿನ ಕಥೆ ನಿಮಗೆ ಗೊತ್ತೇ ಇದೆ. 1818ರಲ್ಲಿ ಮನ್ರೋ ಬೆಳಗಾವಿ ಕೋಟೆ ಮುತ್ತಿದಾಗ ಕಿತ್ತೂರಿನವರು ನೆರವಾದರು. ಆರು ವರ್ಷಕ್ಕೆ ಥ್ಯಾಕರೆ ಕಿತ್ತೂರಿನ ಬಾಗಿಲಿಗೇ ಬಂದ.

ದೇಸಾಯಿ 1839ರಲ್ಲಿ ತೀರಿಕೊಂಡ, ಸಂಸ್ಥಾನ ಖಾಲಸಾ ಆಯಿತು. 1841ರಲ್ಲಿ ಅರಬ್ ಸಿಪಾಯಿಗಳು ನಿಪ್ಪಾಣಿ ಕೋಟೆ ಹಿಡಿದು ಕೂತರು. ಬೆಳಗಾವಿಯಿಂದ ಪಲ್ಟನ್ ಬಂದು ಅದನ್ನೂ ಮುಗಿಸಿತು.

ರಾಯಬಾಗ ಮಾತ್ರ ಕೊಲ್ಲಾಪುರದ ಕೈಯಲ್ಲೇ ಉಳಿಯಿತು, 1949ರಲ್ಲಿ ಆ ಸಂಸ್ಥಾನ ವಿಲೀನ ಆಗುವವರೆಗೂ. ನಮ್ಮ ಅಜ್ಜಿಯ ತವರು ರಾಯಬಾಗ. ಚಿಕ್ಕೋಡಿಗೆ ಮದುವೆಯಾಗಿ ಬಂದದ್ದನ್ನು "ನಮ್ಮ ರಾಜ್ಯಾ ಬಿಟ್ಟು ಬಂದ್ನಿ" ಅಂತಿದ್ದಳು. ಚಿಕ್ಕವನಿದ್ದಾಗ ಅದನ್ನು ತಮಾಷೆ ಅಂದುಕೊಂಡಿದ್ದೆ.